ಬಾಲಚರರ ಬಳಿಯಲ್ಲಿ ಎಚ್ಚರವಾಗಿರುವ ಹಿರಿಯರು

ಧ್ಯಾನಭಾಗ: 1 ಸಮುವೇಲ 3:1–18



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲಿ ಅಲ್ಲಲ್ಲಿ ಚದರಿರುವ ನಮ್ಮ ಚಿಕ್ಕ ಸಭೆಗಳನ್ನು ಸಂಧಿಸುವದಕ್ಕೆ ಹೋದಾಗ ಒಂದು ಪ್ರಶ್ನೆಯು ನನಗೆ ಮೇಲಿಂದ ಮೇಲೆ ಎದುರಾಗಿದೆ. ಅದೇನಂದರೆ: ಊರಿನ ಶಾಲೆಯ ಮುಖ್ಯೋಪಾಧ್ಯಾಯರು ಸಭೆಯ ಹಿರಿಯರೊಬ್ಬರ ಮನೆಗೆ ಬಂದು, "ನಮ್ಮ ಶಾಲೆಯಲ್ಲಿ ಸ್ಕೌಟ್ ದಳವೊಂದುಂಟು. ನೋಡಿಕೊಳ್ಳುವ ಉಪಾಧ್ಯಾಯರು ಒಬ್ಬರೇ. ಶನಿವಾರದ ದಿವಸ ಬಂದು ಮಕ್ಕಳ ಜೊತೆಯಲ್ಲಿ ನಿಲ್ಲುವ ದೊಡ್ಡವರೊಬ್ಬರು ಬೇಕು. ಸಂಬಳವಿಲ್ಲ; ಬರುತ್ತೀರಾ?" ಎಂದು ಕೇಳುತ್ತಾರೆ. ಆ ಹಿರಿಯರು ಎರಡು ದಿನ ಯೋಚಿಸಿ ನನ್ನ ಬಳಿಗೆ ಬಂದು, "ಉಪದೇಶಿಗಳೇ, ಇದು ನಮ್ಮ ಕೆಲಸವೋ?" ಎನ್ನುತ್ತಾರೆ.

ಈ ಪ್ರಶ್ನೆಯ ಹಿಂದೆ ಮೂರು ಹಿಂಜರಿಕೆಗಳಿರುವದನ್ನು ಕಂಡಿದ್ದೇನೆ. ಒಬ್ಬನು, ಕಬ್ಬು ಕಡಿಯುವ ಕಾಲ, ಆಲೆಮನೆಯ ಕೆಲಸ, ನನಗೆ ಸಮಯವೆಲ್ಲಿಯದು ಎನ್ನುತ್ತಾನೆ. ಮತ್ತೊಬ್ಬನು, ನಾನು ಹೆಚ್ಚು ಓದಿದವನಲ್ಲ, ಮಕ್ಕಳಿಗೆ ಕೊಡುವದಕ್ಕೆ ನನ್ನಲ್ಲಿ ಏನುಂಟು ಎನ್ನುತ್ತಾನೆ. ಮೂರನೆಯವನು ಸ್ವರವನ್ನು ತಗ್ಗಿಸಿ, ಅಲ್ಲಿ ಎಲ್ಲಾ ಮತಗಳ ಮಕ್ಕಳೂ ಒಂದೇ ಸಾಲಿನಲ್ಲಿ ನಿಂತು ಪ್ರಾರ್ಥಿಸುತ್ತಾರಲ್ಲಾ, ನಾವು ಅಲ್ಲಿ ನಿಲ್ಲಬಹುದೋ ಎನ್ನುತ್ತಾನೆ. ಈ ಮೂವರಿಗೂ ಹೇಳತಕ್ಕ ಉತ್ತರವನ್ನು ಶೀಲೋವಿನ ಆಲಯದಲ್ಲಿ ಒಂದು ರಾತ್ರಿ ನಡೆದ ಸಂಗತಿಯಲ್ಲಿ ಹುಡುಕೋಣ.

ಬಾಲಕನಾದ ಸಮುವೇಲನ ವೃತ್ತಾಂತವನ್ನು ನಾವು ಭಾನುವಾರದ ಶಾಲೆಯಲ್ಲಿ ಎಷ್ಟೋ ಸಾರಿ ಕೇಳಿದ್ದೇವೆ. ಆದರೆ ಆ ಅಧ್ಯಾಯದಲ್ಲಿರುವವರು ಇಬ್ಬರು. ನಾವು ಹುಡುಗನನ್ನು ಮೆಚ್ಚಿಕೊಂಡು, ಅವನ ಬಳಿಯಲ್ಲಿದ್ದ ಏಲಿಯೆಂಬ ಮುದುಕನನ್ನು ಮರೆತುಬಿಡುತ್ತೇವೆ. ಈ ಹೊತ್ತು ಮುದುಕನನ್ನೇ ನೋಡೋಣ.

ಅವನಲ್ಲಿ ಹೊಗಳತಕ್ಕದ್ದು ಬಹಳವಿಲ್ಲ. ಅವನ ಕಣ್ಣುಗಳು ಮಬ್ಬಾಗಿದ್ದವು. ಹನ್ನಳು ಮನನೊಂದು ತುಟಿಯನ್ನು ಮಾತ್ರ ಅಲ್ಲಾಡಿಸಿ ಪ್ರಾರ್ಥಿಸಿದಾಗ ಕುಡಿದವಳೆಂದು ತಪ್ಪು ತಿಳಿದವನು ಅವನೇ. ಅವನ ಸ್ವಂತ ಮಕ್ಕಳಾದ ಹೊಫ್ನಿ ಫೀನೆಹಾಸರು ಯಾಜಕರಾಗಿದ್ದುಕೊಂಡೇ ದುಷ್ಟತನವನ್ನು ನಡಿಸಿದರು. ಅಂಥವನ ಬಳಿಯಲ್ಲಿ ಪರರ ಮಗನೊಬ್ಬನನ್ನು ತಂದು ಬಿಟ್ಟಿದ್ದರು. ತಾಯಿಯು ವರುಷಕ್ಕೊಂದಾವರ್ತಿ ಚಿಕ್ಕ ನಿಲುವಂಗಿಯನ್ನು ಹೊಲಿದು ತರುವಳು. ಮಿಕ್ಕ ದಿನಗಳೆಲ್ಲಾ ಹುಡುಗನು ಮುದುಕನ ವಶದಲ್ಲಿರುವನು.

ಒಂದು ರಾತ್ರಿ, ದೇವಾಲಯದ ದೀಪವು ಇನ್ನೂ ಆರದಿರುವಾಗ, ಹುಡುಗನಿಗೆ ಕರೆಯು ಕೇಳಿಸಿತು. ಅವನು ಎದ್ದು ಏಲಿಯ ಬಳಿಗೆ ಓಡಿದನು. ಏಲಿಯು, ತಾನು ಕರೆಯಲಿಲ್ಲವೆಂದು ಹೇಳಿ ಮಲಗಿಕೊಳ್ಳುವದಕ್ಕೆ ಕಳುಹಿಸಿದನು. ಎರಡನೆಯ ಸಾರಿಯೂ ಹಾಗೆಯೇ ಆಯಿತು. ಮೂರನೆಯ ಸಾರಿ ಹುಡುಗನು ಬಂದಾಗ, ಕರೆಯುವವನು ಯೆಹೋವನೆಂಬದು ಮುದುಕನಿಗೆ ಹೊಳೆಯಿತು. ಇನ್ನೊಮ್ಮೆ ಕರೆ ಬಂದರೆ ಹೇಗೆ ಉತ್ತರ ಕೊಡಬೇಕೆಂಬದನ್ನು ಅವನಿಗೆ ಹೇಳಿಕೊಟ್ಟು ಹಿಂದಕ್ಕೆ ಕಳುಹಿಸಿದನು. ನಾಲ್ಕನೆಯ ಸಾರಿ ಬಾಲಕನೇ ತನ್ನ ದೇವರಿಗೆ ಉತ್ತರ ಕೊಟ್ಟನು.

ಪ್ರಿಯರೇ, ಇದರಲ್ಲಿ ಏಲಿಯು ಮೂರು ಕಾರ್ಯಗಳನ್ನು ಮಾಡಿದನು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದನು. ಹುಡುಗನು ಕೊಡಬೇಕಾದ ಉತ್ತರವನ್ನು ತಾನು ಕೊಡದೆ ಅವನಿಂದಲೇ ಕೊಡಿಸಿದನು. ಬೆಳಿಗ್ಗೆ ಆ ಹುಡುಗನ ಬಾಯಿಂದ ಬಂದ ಕಠಿಣವಾದ ಮಾತನ್ನು ತಾಳಿಕೊಂಡು ಕೇಳಿದನು. ಒಂದು ಕಾರ್ಯವನ್ನೋ ಅವನು ಮಾಡದೆಹೋದನು. ಅದನ್ನು ಮುಂದೆ ಹೇಳುವೆನು. ಮಕ್ಕಳ ಮಧ್ಯದಲ್ಲಿ ಸೇವೆಮಾಡುವ ದೊಡ್ಡವರಿಗೆ ಬೇಕಾದ ಪಾಠವೆಲ್ಲಾ ಇದರಲ್ಲಿ ಅಡಗಿದೆ.

ಮೊದಲು ಈ ಬಾಲಚರ ಸೇವೆಯು ಎಲ್ಲಿಂದ ಬಂತೆಂಬದನ್ನು ಸಂಕ್ಷೇಪವಾಗಿ ತಿಳಿಯತಕ್ಕದ್ದು. ಇದು ನಮಗೆ ಅನ್ಯವಾದದ್ದೆಂದು ಎಣಿಸುವವರು ಕೇಳಲಿ. 1883ರ ಅಕ್ಟೋಬರ್ 4ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ವಿಲಿಯಂ ಸ್ಮಿತ್ ಎಂಬ ಭಾನುವಾರದ ಶಾಲೆಯ ಉಪಾಧ್ಯಾಯನು, ತರಗತಿಯಲ್ಲಿ ಸುಮ್ಮನೆ ಕೂತುಕೊಳ್ಳದ ಹುಡುಗರನ್ನು ಹೊಡೆದು ಓಡಿಸದೆ, ಅವರಿಗೆ ಕವಾಯತು, ಆಟ, ಶಿಸ್ತುಗಳನ್ನು ಕೊಟ್ಟು 'ಬಾಯ್ಸ್ ಬ್ರಿಗೇಡ್' ಎಂಬ ಸಂಘವನ್ನು ಕಟ್ಟಿದನು. ಮುಂದೆ ಸೇನಾಪತಿಯಾದ ಬೇಡನ್ ಪೊವೆಲರು ಅದನ್ನು ನೋಡಿ, ಸ್ಮಿತ್ತನೊಡನೆ ಆಲೋಚಿಸಿ, ಹುಡುಗರಿಗೆ ಕವಾಯತಿಗಿಂತಲೂ ಕಾಡು ಬಯಲುಗಳ ಶಿಕ್ಷಣವು ಹಿಡಿಸುವದೆಂದು ಕಂಡುಕೊಂಡರು. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರವನ್ನು ನಡಿಸಿದರು. ಅದರಲ್ಲಿ ಶ್ರೀಮಂತರ ಶಾಲೆಗಳ ಹುಡುಗರೂ ಪಟ್ಟಣದ ಕೂಲಿಕಾರರ ಮಕ್ಕಳೂ ಕೂಡಿ ನಾಲ್ಕು ಪಂಗಡಗಳಾಗಿ ಒಂದೇ ಒಲೆಯ ಸುತ್ತಲೂ ಕೂತರು. 1908ರಲ್ಲಿ ಅವರ ಪುಸ್ತಕವು ಹೊರಟಮೇಲೆ ಈ ಕಾರ್ಯವು ದೇಶದೇಶಗಳಿಗೆ ಹಬ್ಬಿತು.

ನಮ್ಮ ದೇಶದಲ್ಲಿ ಇದು 1909ರಲ್ಲಿ ಬೆಂಗಳೂರಿನಲ್ಲಿಯೇ ಮೊದಲಾಯಿತು. ಆದರೆ ವ್ಯಸನದ ಸಂಗತಿಯೇನಂದರೆ, ಅದು ಬಿಳಿಯರ ಮತ್ತು ಆಂಗ್ಲೋ ಇಂಡಿಯನರ ಮಕ್ಕಳಿಗೆ ಮಾತ್ರವೇ ಆಗಿತ್ತು. ಈ ನೆಲದ ಮಕ್ಕಳಿಗೆ ಕದವು ಮುಚ್ಚಿತ್ತು. ಆಗ ಕೆಲವರು ದೊಡ್ಡವರು ಎದ್ದರು. ಆನಿ ಬೆಸೆಂಟಮ್ಮನವರು ಮದ್ರಾಸಿನಲ್ಲಿ ಭಾರತೀಯ ಬಾಲಕರಿಗಾಗಿಯೇ ಒಂದು ಸ್ಕೌಟ್ ಸಂಘವನ್ನು ಸ್ಥಾಪಿಸಿದರು. ಆಕೆಯ ಮತಾಭಿಪ್ರಾಯಗಳು ನಮ್ಮವಲ್ಲ. ಆದರೂ ಮುಚ್ಚಿದ ಕದವನ್ನು ತಟ್ಟಿದ ಕೈಯನ್ನು ನಾವು ಅಲ್ಲಗಳೆಯಬಾರದು. ಉತ್ತರದೇಶದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜರು, ಶ್ರೀರಾಮ ಬಾಜಪೇಯಿ ಮೊದಲಾದವರು 1918ರಲ್ಲಿ ಸೇವಾ ಸಮಿತಿಯ ಸ್ಕೌಟ್ ಸಂಘವನ್ನು ಕಟ್ಟಿದರು. 1921ರಲ್ಲಿ ಬೇಡನ್ ಪೊವೆಲರು ಇಲ್ಲಿಗೆ ಬಂದಮೇಲೆ ಭೇದವು ಕಡಿಮೆಯಾಗುತ್ತಾ ಬಂತು. ಕಡೆಗೆ 1950ರ ನವೆಂಬರ್ 7ರಂದು ಬೇರೆಬೇರೆಯಾಗಿದ್ದ ಸಂಘಗಳು ಕೂಡಿ 'ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್' ಆಯಿತು; 1951ರ ಆಗಸ್ಟ್ 15ರಂದು ಬಾಲಕಿಯರ ಗೈಡ್ ಸಂಘವೂ ಅದರೊಡನೆ ಸೇರಿತು. ಆ ಕದವನ್ನು ತೆರೆದವರು ಹುಡುಗರಲ್ಲ. ಹುಡುಗರಿಗಾಗಿ ಹೊತ್ತನ್ನು ಕೊಟ್ಟ ದೊಡ್ಡವರು.

ಈಗ ಮೊದಲನೆಯ ಪಾಠಕ್ಕೆ ಬರೋಣ. ಏಲಿಯು ಹತ್ತಿರದಲ್ಲಿದ್ದನು. ಅವನಲ್ಲಿ ದೃಷ್ಟಿಯಿರಲಿಲ್ಲ, ಬಲವಿರಲಿಲ್ಲ, ಒಳ್ಳೆಯ ತಂದೆಯೆಂಬ ಹೆಸರೂ ಇರಲಿಲ್ಲ. ಆದರೆ ನಡುರಾತ್ರಿಯಲ್ಲಿ ಹುಡುಗನು ಓಡಿ ಬಂದಾಗ ಅವನು ಅಲ್ಲಿದ್ದನು. ಮೂರು ಸಾರಿ ಎಬ್ಬಿಸಿದರೂ ಬೈಯಲಿಲ್ಲ. ನನ್ನಲ್ಲಿ ಏನುಂಟೆಂದು ಕೇಳುವ ಸಹೋದರನೇ, ಮೊದಲು ಬೇಕಾದದ್ದು ನಿನ್ನ ವಿದ್ಯೆಯಲ್ಲ, ನಿನ್ನ ಇರುವಿಕೆಯೇ.

ದಳದಲ್ಲಿ ದೊಡ್ಡವರಿಗೆ ಬೇರೆಬೇರೆ ಸ್ಥಾನಗಳುಂಟು. ಹತ್ತು ವರುಷದೊಳಗಿನ ಚಿಕ್ಕ ಬಾಲಕರನ್ನು ಕಬ್‌ಗಳೆಂದೂ ಬಾಲಕಿಯರನ್ನು ಬುಲ್‌ಬುಲ್‌ಗಳೆಂದೂ ಕರೆಯುತ್ತಾರೆ. ಅವರನ್ನು ಕಬ್ ಮಾಸ್ಟರರೂ ಫ್ಲಾಕ್ ಲೀಡರಮ್ಮನವರೂ ನೋಡಿಕೊಳ್ಳುವರು. ಅವರಿಗಿಂತ ದೊಡ್ಡ ಬಾಲಕರಾದ ಸ್ಕೌಟುಗಳಿಗೆ ಸ್ಕೌಟ್ ಮಾಸ್ಟರರೂ ಬಾಲಕಿಯರಾದ ಗೈಡುಗಳಿಗೆ ಗೈಡ್ ಕ್ಯಾಪ್ಟನರೂ ಇರುವರು. ಯೌವನಸ್ಥರಾದ ರೋವರ್ ರೇಂಜರುಗಳಿಗೂ ಅವರವರ ನಾಯಕರುಂಟು. ಇವರೆಲ್ಲರಿಗೆ ಸಹಾಯಕರು ಬೇಕು. ಇವರ ಹೊರತು, ಶಿಬಿರದಲ್ಲಿ ಅಕ್ಕಿ ರಾಗಿಗಳ ಲೆಕ್ಕ ನೋಡುವವರು, ಹರಿದ ಡೇರೆಯನ್ನು ಹೊಲಿಯುವವರು, ಗಾಯಕ್ಕೆ ಪಟ್ಟಿ ಕಟ್ಟಲು ಬಲ್ಲ ದಾದಿಯರು, ಹೊಳೆಯ ಸುಳಿಯನ್ನು ಬಲ್ಲ ಅಂಬಿಗರು, ಇವರೂ ಬೇಕು. ಹೆಣ್ಣುಮಕ್ಕಳ ಗುಂಪಿಗೆ ಸ್ತ್ರೀಯರೇ ನಾಯಕರಾಗಿರತಕ್ಕದ್ದಾದ್ದರಿಂದ ನಮ್ಮ ಸಹೋದರಿಯರು ಹಿಂದೆ ಸರಿಯಬಾರದು. ವಾರಕ್ಕೆ ಎರಡು ಗಂಟೆ ಕೊಡುವವನಿಗೂ ಸ್ಥಳವುಂಟು. ಆದರೆ ಕೊಡುತ್ತೇನೆಂದ ಎರಡು ಗಂಟೆಯನ್ನು ತಪ್ಪದೆ ಕೊಡಬೇಕು. ಒಂದು ವಾರ ಬಂದು ಮೂರು ವಾರ ಬಾರದವನಿಗಾಗಿ ಕಾದು ಕಾದು ಮಕ್ಕಳು ನಂಬಿಕೆಯನ್ನು ಕಳೆದುಕೊಳ್ಳುತ್ತಾರೆ.

ಎರಡನೆಯ ಪಾಠವು ಇನ್ನೂ ಕಷ್ಟವಾದದ್ದು. ಏಲಿಯು ಹುಡುಗನ ಬದಲಾಗಿ ತಾನು ಎದ್ದುಹೋಗಲಿಲ್ಲ. ಅವನು ಮಹಾಯಾಜಕನು, ಕರೆಯನ್ನು ಕೇಳತಕ್ಕವನು ತಾನೇ ಎನ್ನಬಹುದಾಗಿತ್ತು. ಹಾಗೆನ್ನದೆ, ಹೇಗೆ ಉತ್ತರ ಕೊಡಬೇಕೆಂದು ಕಲಿಸಿ, ಕತ್ತಲೆಯಲ್ಲಿ ಒಬ್ಬನೇ ಹೋಗುವಂತೆ ಬಿಟ್ಟನು.

ಬಾಲಚರ ಪದ್ಧತಿಯ ಬೇರು ಇದೇ. ಆರರಿಂದ ಎಂಟು ಮಂದಿ ಹುಡುಗರು ಸೇರಿ ಪ್ಯಾಟ್ರೋಲ್ ಎಂಬ ಒಂದು ಪಂಗಡ. ಅದಕ್ಕೆ ಅವರಲ್ಲಿಯೇ ಒಬ್ಬ ಹುಡುಗನು ನಾಯಕನು. ಅಂಥ ಕೆಲವು ಪಂಗಡಗಳು ಕೂಡಿ ದಳವಾಗುವದು. ಸ್ಕೌಟ್ ಮಾಸ್ಟರನು ಪಂಗಡದ ನಾಯಕರನ್ನು ಕಲಿಸುವನು. ನಾಯಕರು ತಮ್ಮವರನ್ನು ಕಲಿಸುವರು. ದೊಡ್ಡವನು ಎಲ್ಲವನ್ನೂ ತಾನೇ ಮಾಡಿಬಿಟ್ಟರೆ ಅದು ಸ್ಕೌಟ್ ದಳವೇ ಅಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನಾಚಿಕೆಯಿಂದ ಕಲಿತೆನು. ಕೆಲವು ವರುಷಗಳ ಕೆಳಗೆ ಪಾಂಡವಪುರ ತಾಲ್ಲೂಕಿನ ಒಂದು ಬೆಟ್ಟದ ತಪ್ಪಲಿನಲ್ಲಿ ಎರಡು ರಾತ್ರಿಯ ಶಿಬಿರಕ್ಕೆ ಸಹಾಯಕನಾಗಿ ಹೋಗಿದ್ದೆನು. ಹುಡುಗರು ಡೇರೆಯ ಹಗ್ಗವನ್ನು ಕಟ್ಟುವದಕ್ಕೆ ತಡವರಿಸುತ್ತಿದ್ದರು. ಕತ್ತಲಾಗುವದೆಂದು ನಾನು ಅವಸರಪಟ್ಟು, ಅವರ ಕೈಯಿಂದ ಹಗ್ಗವನ್ನು ಕಸಿದುಕೊಂಡು, ಒಂದೊಂದು ಗೂಟಕ್ಕೂ ನಾನೇ ಗಂಟು ಹಾಕಿದೆನು. ಡೇರೆಗಳು ನೆಟ್ಟಗೆ ನಿಂತವು, ನನಗೆ ಸಂತೋಷವಾಯಿತು. ನಡುರಾತ್ರಿಯಲ್ಲಿ ಗಾಳಿ ಮಳೆ ಬಂತು. ನೆನೆದ ಹಗ್ಗಗಳನ್ನು ಸಡಿಲಿಸಬೇಕಾಗಿತ್ತು. ನಾನು ಒಂದು ಡೇರೆಯ ಬಳಿಯಲ್ಲಿರುವಾಗಲೇ ಮಿಕ್ಕ ಎರಡು ಡೇರೆಗಳು ಗೂಟ ಕಿತ್ತು ಬಿದ್ದವು. ಮಕ್ಕಳು ನೆನೆಯುತ್ತಾ ನಿಂತಿದ್ದರು. "ಯಾಕೆ ಸಡಿಲಿಸಲಿಲ್ಲ?" ಎಂದು ನಾನು ಗದರಿಸಿದೆನು. ಹನ್ನೆರಡು ವರುಷದ ಒಬ್ಬ ಪಂಗಡದ ನಾಯಕನು, "ಅಯ್ಯನವರೇ, ಗಂಟು ನಿಮ್ಮದು, ಬಿಚ್ಚುವದು ನಮಗೆ ಗೊತ್ತಿಲ್ಲ" ಅಂದನು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಸೀಮೆಯ ನೀರುಗಂಟಿಯನ್ನು ನೀವು ಬಲ್ಲಿರಿ. ಅವನು ನೀರನ್ನು ಹುಟ್ಟಿಸುವವನಲ್ಲ. ಬೆಳೆಯನ್ನು ಬೆಳೆಯುವವನೂ ಅಲ್ಲ. ಹೊತ್ತಿಗೆ ಸರಿಯಾಗಿ ತೂಬನ್ನು ಎತ್ತಿ, ಕಾಲುವೆಯ ಏರಿಯ ಮೇಲೆ ನಡೆದು ನೋಡಿ, ನೀರು ಗದ್ದೆಯನ್ನು ತಲಪುವ ಹಾಗೆ ಮಾಡಿ ಹಿಂತಿರುಗುವನು. ಅವನೇ ಗದ್ದೆಯಲ್ಲಿ ಕುಣಿದಾಡಿದರೆ ಪೈರು ತುಳಿದುಹೋಗುವದು. ಹಾಗೆಂದು ಅವನು ಮನೆಯಲ್ಲಿ ಮಲಗಿದರೆ ಏರಿ ಒಡೆಯುವದು. ಮಕ್ಕಳ ಮಧ್ಯದಲ್ಲಿರುವ ದೊಡ್ಡವನು ನೀರುಗಂಟಿಯ ಹಾಗಿರಬೇಕು.

ಏರಿ ಒಡೆಯುವ ಮಾತೇ ನಮ್ಮನ್ನು ಮೂರನೆಯ ಪಾಠಕ್ಕೆ ಕರೆದುಕೊಂಡು ಹೋಗುತ್ತದೆ. ಏಲಿಯು ಮಾಡದೆಹೋದ ಕಾರ್ಯವೇನು? ಆ ಅಧ್ಯಾಯದ ಹದಿಮೂರನೆಯ ವಚನವನ್ನು ನೋಡಿರಿ. ತನ್ನ ಮಕ್ಕಳ ದುರ್ಮಾರ್ಗವು ಅವನಿಗೆ ತಿಳಿದಿತ್ತು. ತಿಳಿದೂ ಅವರನ್ನು ತಡೆಯಲಿಲ್ಲ. ಇದೇ ಅವನ ಮೇಲೆ ಬಂದ ತೀರ್ಪು. ಅವನು ಕೆಟ್ಟದ್ದನ್ನು ಮಾಡಿದವನಲ್ಲ, ಕೆಟ್ಟದ್ದನ್ನು ಕಂಡು ಸುಮ್ಮನಿದ್ದವನು.

ಮಕ್ಕಳ ದೇಹಕ್ಕೂ ಮಾನಕ್ಕೂ ಕಾವಲಾಗಿರುವದು ದೊಡ್ಡವರ ಕರ್ತವ್ಯ. ಈ ನಾಲ್ಕು ತಾಲ್ಲೂಕುಗಳು ನೀರಿನ ಸೀಮೆ. ಕಾವೇರಿ, ಹೇಮಾವತಿ, ಲೋಕಪಾವನಿ, ವಿಶ್ವೇಶ್ವರಯ್ಯ ನಾಲೆ, ವಿರಿಜಾ ನಾಲೆ, ಚಿಕ್ಕದೇವರಾಯ ಸಾಗರ ನಾಲೆ, ಊರೂರಿಗೂ ಕೆರೆ. ನಮಗೆ ಅನ್ನ ಕೊಡುವ ನೀರೇ ನಮ್ಮ ಮಕ್ಕಳನ್ನು ನುಂಗಬಲ್ಲದು. 2018ರ ನವೆಂಬರ್ 24ರ ಶನಿವಾರವನ್ನು ಪಾಂಡವಪುರದವರು ಮರೆಯಲಾರರು. ಆ ದಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳು ಹಲವರಿದ್ದರು. ಅಂಥ ವಿಪತ್ತನ್ನು ಸ್ಕೌಟ್ ದಳವು ತಪ್ಪಿಸುತ್ತಿತ್ತೆಂದು ನಾನು ಹೇಳಲಾರೆನು. ಹಾಗೆ ಹೇಳುವದು ದುಃಖಪಡುವ ತಂದೆತಾಯಿಗಳನ್ನು ನೋಯಿಸುವ ಮಾತಾಗುವದು. ಆದರೆ ಹಗ್ಗ ಎಸೆಯುವದನ್ನೂ, ಈಜುವದನ್ನೂ, ನೀರಿನಿಂದ ಎತ್ತಿದವನಿಗೆ ಉಸಿರು ಕೊಡುವದನ್ನೂ ನಮ್ಮ ಮಕ್ಕಳಿಗೆ ಕಲಿಸದೆ ನೀರಿನ ದಡದಲ್ಲಿ ಬೆಳೆಸುವದು ಸರಿಯೋ? ಸಿದ್ಧವಾಗಿರುವದೇ ಬಾಲಚರರ ಧ್ಯೇಯ. ಸಿದ್ಧವಾಗಿರದ ದೊಡ್ಡವರು ಅದನ್ನು ಕಲಿಸುವದು ಹೇಗೆ?

ಇಲ್ಲಿಯೂ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಒಂದು ಸಾರಿ 23 ಮಂದಿ ಹುಡುಗರನ್ನು ಕರೆದುಕೊಂಡು ಶ್ರೀರಂಗಪಟ್ಟಣದ ಹೊಳೆಯ ದಡಕ್ಕೆ ಬಂದೆವು. ನಾವು ದೊಡ್ಡವರು ಇಬ್ಬರು. ಜೊತೆಯವರು ಬಸ್ಸಿನ ವಿಚಾರಕ್ಕಾಗಿ ಪೇಟೆಗೆ ಹೋಗಬೇಕೆಂದರು; "ಹೋಗಿ ಬನ್ನಿ, ನಾನೊಬ್ಬನೇ ಸಾಕು" ಅಂದೆನು. ಬುತ್ತಿಯನ್ನು ತಿಂದಮೇಲೆ ಎಣಿಸಿದೆನು: 22. ಮತ್ತೊಮ್ಮೆ ಎಣಿಸಿದೆನು: 22. ನೀರಿನ ಕಡೆಗೆ ನೋಡಿದೆನು. ಅದು ಎಂದಿನಂತೆ ಹರಿಯುತ್ತಿತ್ತು. ಆ ಕಾಲು ಗಂಟೆಯಲ್ಲಿ ನಾನು ಮಾಡಿದ ಪ್ರಾರ್ಥನೆಗೆ ಮಾತುಗಳಿರಲಿಲ್ಲ. ಮಿಕ್ಕವರನ್ನು ದಡದಲ್ಲಿ ಬಿಟ್ಟು ಹುಡುಕಲು ಹೋಗುವ ಹಾಗಿಲ್ಲ. ಹುಡುಕದೆ ಇರುವ ಹಾಗೂ ಇಲ್ಲ. ಒಬ್ಬನೇ ಸಾಕೆಂದವನಿಗೆ ಒಬ್ಬನು ಸಾಲದೆಂಬದು ಆಗ ತಿಳಿಯಿತು. ಕಡೆಗೆ ಪಂಗಡದ ನಾಯಕನೊಬ್ಬನು ಕಲ್ಲುಮಂಟಪದ ಹಿಂದೆ, ಚೀಲಗಳ ರಾಶಿಯ ಮರೆಯಲ್ಲಿ ಆ ಹುಡುಗನನ್ನು ಕಂಡನು. ಅವನು ಜ್ವರದಿಂದ ಮೈಮರೆತು ಮಲಗಿದ್ದನು. ಬೆಳಗಿನಿಂದಲೂ ಜ್ವರವಂತೆ, ಹೇಳಿದರೆ ಮನೆಗೆ ಕಳುಹಿಸಿಬಿಡುವರೆಂದು ಹೇಳದೆ ಇದ್ದನು. ನಾನು ಬೆಳಿಗ್ಗೆ ಬಸ್ಸು ಹತ್ತಿಸುವಾಗ ತಲೆಗಳನ್ನು ಎಣಿಸಿದ್ದೆನು, ಮುಖಗಳನ್ನು ನೋಡಿರಲಿಲ್ಲ.

ಕಳೆದುಹೋದ ಕುರಿಯ ಸಾಮ್ಯವನ್ನು ಎಷ್ಟೋ ಸಾರಿ ಬೋಧಿಸಿದ್ದೇನೆ. ತೊಂಬತ್ತೊಂಬತ್ತು ಮಾತ್ರ ಇವೆಯೆಂದು ಕುರುಬನಿಗೆ ತಿಳಿಯಬೇಕಾದರೆ ಅವನು ಎಣಿಸಿರಬೇಕು. ಯಾವದು ಕಳೆದುಹೋಯಿತೆಂದು ತಿಳಿಯಬೇಕಾದರೆ ಒಂದೊಂದರ ಮುಖವನ್ನೂ ಬಲ್ಲವನಾಗಿರಬೇಕು. ಇದನ್ನು ನಾನು ಆ ದಿನದ ವರೆಗೂ ಯೋಚಿಸಿರಲಿಲ್ಲ. ಆದಕಾರಣ ಹೇಳುತ್ತೇನೆ: ಮಕ್ಕಳೊಡನೆ ಹೊರಡುವಾಗ ದೊಡ್ಡವರು ಎಂದಿಗೂ ಇಬ್ಬರಿಗಿಂತ ಕಡಿಮೆಯಿರಬಾರದು. ಹೊರಡುವಾಗ, ತಲಪಿದಾಗ, ಉಂಡಮೇಲೆ, ಮಲಗುವ ಮೊದಲು ಎಣಿಸಿರಿ. ಎಣಿಸುವಾಗ ಹೆಸರು ಹಿಡಿದು ಕರೆದು ಮುಖವನ್ನು ನೋಡಿರಿ.

ಇಬ್ಬರಿರಬೇಕೆಂಬ ನಿಯಮಕ್ಕೆ ಮತ್ತೊಂದು ಕಾರಣವೂ ಉಂಟು. ಹೇಳುವದಕ್ಕೆ ನಾಲಿಗೆ ಹಿಂಜರಿದರೂ ಹೇಳಲೇಬೇಕು. ಮಕ್ಕಳ ಸೇವೆಯ ನೆವದಿಂದ ಮಕ್ಕಳ ಬಳಿಗೆ ಬರುವ ತೋಳಗಳುಂಟು. ಶೀಲೋವಿನ ಯಾಜಕರ ವಸ್ತ್ರದೊಳಗೂ ಅಂಥವರಿದ್ದರು. ಆದದರಿಂದ ಯಾವ ದೊಡ್ಡವನೂ ಒಂದು ಮಗುವಿನೊಡನೆ ಮುಚ್ಚಿದ ಬಾಗಲಿನ ಹಿಂದೆ ಒಬ್ಬನೇ ಇರಬಾರದು; ಮಕ್ಕಳ ಡೇರೆಯಲ್ಲಿ ಮಲಗಬಾರದು; ಮಗುವಿಗೆ ಗುಟ್ಟಿನ ಉಡುಗೊರೆಗಳನ್ನು ಕೊಡಬಾರದು. ಈ ನಿಯಮವು ಒಳ್ಳೆಯವನಿಗೆ ಅವಮಾನವಲ್ಲ. ಅವನಿಗೂ ಅದು ಕಾವಲೇ. ಮಗುವು ಬಂದು ಹೇಳಿಕೊಂಡರೆ ಗದರಿಸದೆ ಕೇಳಿರಿ. 2012ರ ಪೋಕ್ಸೋ ಕಾನೂನಿನ ಪ್ರಕಾರ, 18 ವರುಷದೊಳಗಿನವರ ಮೇಲೆ ಅಂಥ ಅಪರಾಧ ನಡೆದದ್ದು ತಿಳಿದೂ ತಿಳಿಸದೆ ಇರುವದೇ ಅಪರಾಧ. 1098 ಎಂಬ ಮಕ್ಕಳ ಸಹಾಯವಾಣಿಯನ್ನು ಯಾವ ಫೋನಿನಿಂದಲಾದರೂ ಕರೆಯಬಹುದು. ತಪ್ಪು ಮಾಡಿದವನು ನಮ್ಮ ಸ್ನೇಹಿತನಾಗಿರಲಿ, ಸಭೆಯ ಹಿರಿಯನಾಗಿರಲಿ, ಸಭೆಯ ಹೆಸರು ಕೆಡುವದೆಂದು ಮುಚ್ಚಿಡುವವನು ಏಲಿಯ ಪಾಪವನ್ನೇ ಮಾಡುತ್ತಾನೆ. ಏಲಿಯ ಮನೆತನವು ಬಿದ್ದುಹೋದದ್ದು ಮಾತು ಹೊರಗೆ ಬಂದದ್ದರಿಂದಲ್ಲ, ತಿಳಿದೂ ತಡೆಯದೆ ಇದ್ದದ್ದರಿಂದಲೇ.

ಈಗ ಸ್ವರ ತಗ್ಗಿಸಿ ಕೇಳಿದ ಸಹೋದರನ ಪ್ರಶ್ನೆಗೆ ಬರುತ್ತೇನೆ. ಅನೇಕ ಮತಗಳ ಮಕ್ಕಳ ಮಧ್ಯದಲ್ಲಿ ನಾವು ನಿಲ್ಲಬಹುದೋ? ಬಾಲಚರನು ಮಾಡುವ ಪ್ರತಿಜ್ಞೆಯಲ್ಲಿ ದೇವರಿಗೂ ದೇಶಕ್ಕೂ ಕರ್ತವ್ಯವನ್ನು ಸಲ್ಲಿಸುವದು, ಇತರರಿಗೆ ನೆರವಾಗುವದು, ಸ್ಕೌಟ್ ನಿಯಮವನ್ನು ಪಾಲಿಸುವದು ಇವೆ. ಆ ನಿಯಮದ ಒಂಬತ್ತು ಅಂಶಗಳಲ್ಲಿ ನಂಬಿಕೆಗೆ ಯೋಗ್ಯನಾಗಿರುವದು, ಎಲ್ಲರಿಗೂ ಸ್ನೇಹಿತನಾಗಿರುವದು, ಪ್ರಾಣಿಗಳಿಗೆ ದಯೆ ತೋರಿಸುವದು, ಮಿತವ್ಯಯ, ಮನೋವಾಕ್ಕಾಯಗಳ ಶುದ್ಧಿ ಮೊದಲಾದವು ಸೇರಿವೆ. ಇವುಗಳಲ್ಲಿ ಕ್ರಿಸ್ತನ ಶಿಷ್ಯನು ನಾಚತಕ್ಕದ್ದು ಯಾವದೂ ಇಲ್ಲ. ಯಾರ ಮಗುವಿಗೂ ಅದರ ಮನೆಯ ಭಕ್ತಿಯನ್ನು ಬಿಡು ಎಂದು ಅಲ್ಲಿ ಹೇಳುವದಿಲ್ಲ. ನಮ್ಮ ಮಗುವಿಗೂ ಹೇಳುವದಿಲ್ಲ. ನಾವು ಅಲ್ಲಿ ನಮ್ಮ ಕರ್ತನನ್ನು ಮರೆಮಾಡಬೇಕಾಗಿಲ್ಲ. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಿರಿ. ನಂಬಿ ಒಪ್ಪಿಸಿದ ಪರರ ಮಕ್ಕಳ ಮೇಲೆ ಗುಟ್ಟಾಗಿ ಬಲೆ ಬೀಸುವದಕ್ಕೋಸ್ಕರ ದಳಕ್ಕೆ ಹೋಗುವವನು ವಂಚಕನು. ಅವನು ಶಾಲೆಯವರಿಗೆ ಮಾತ್ರವಲ್ಲ, ಕರ್ತನಿಗೂ ಅಪಕೀರ್ತಿಯನ್ನು ತರುತ್ತಾನೆ. ಏಲಿಯು ಹುಡುಗನಿಗೂ ದೇವರಿಗೂ ನಡುವೆ ತಾನು ನಿಲ್ಲಲಿಲ್ಲ. ನಾವೂ ಸತ್ಯವಂತರಾಗಿ ಸೇವೆಮಾಡಿ, ಕರೆಯುವ ಕೆಲಸವನ್ನು ಕರೆಯುವವನಿಗೇ ಬಿಡೋಣ.

ಮತ್ತೊಂದು ಸಂಗತಿಯನ್ನೂ ನೋಡಿರಿ. ನಮ್ಮ ಅಜ್ಜ ಮುತ್ತಜ್ಜಂದಿರಲ್ಲಿ ಅನೇಕರು ಊರ ಬಾವಿಯಿಂದ ದೂರ ನಿಂತು, ಬೇರೊಬ್ಬರು ಹೊಯ್ದ ನೀರಿಗಾಗಿ ಕೈಯೊಡ್ಡಿದವರು. ಶಿಬಿರದಲ್ಲಿ ಒಂದು ಪಂಗಡದ ಮಕ್ಕಳು ಒಂದೇ ಕೊಡದಿಂದ ನೀರು ತರುತ್ತಾರೆ. ಒಬ್ಬನು ಹಿಟ್ಟು ತಿರುವಿ ಮುದ್ದೆ ಕಟ್ಟುತ್ತಾನೆ, ಇನ್ನೊಬ್ಬನು ಸಾರಿಗೆ ಉಪ್ಪು ಹಾಕುತ್ತಾನೆ, ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಾರೆ. ಮುದ್ದೆ ಕಟ್ಟಿದವನು ಯಾರ ಮಗನೆಂದು ಹಸಿದ ಹುಡುಗರು ಕೇಳುವದಿಲ್ಲ. ಆದರೆ ಕೆಲವು ವೇಳೆ ದೊಡ್ಡವರು ಕೇಳುತ್ತಾರೆ. ಆದದರಿಂದಲೇ ಆ ಒಲೆಯ ಬಳಿಯಲ್ಲಿ, ಒಬ್ಬ ಮಗುವನ್ನೂ ಪಂಕ್ತಿಯಿಂದ ಎಬ್ಬಿಸಗೊಡದ ದೊಡ್ಡವನೊಬ್ಬನು ನಿಂತಿರಬೇಕು. ದೂರ ನಿಲ್ಲುವದರ ನೋವನ್ನು ಬಲ್ಲ ನಾವೇ ಅಲ್ಲಿ ನಿಲ್ಲದಿದ್ದರೆ ಯಾರು ನಿಲ್ಲುವರು?

ಕಡೆಯ ಪಾಠವು ಬೆಳಗಿನ ಪಾಠ. ಸಮುವೇಲನು ಎದ್ದು ಬಾಗಿಲುಗಳನ್ನು ತೆರೆದನು. ರಾತ್ರಿ ಕೇಳಿದ್ದನ್ನು ಹೇಳುವದಕ್ಕೆ ಅವನಿಗೆ ಭಯ. ಯಾಕಂದರೆ ಅದು ಏಲಿಯ ಮನೆಗೆ ವಿರೋಧವಾದ ಮಾತು. ಏಲಿಯೇ ಅವನನ್ನು ಕರೆದು, ಒಂದನ್ನೂ ಮರೆಮಾಡಬೇಡವೆಂದನು, ಕೇಳಿದನು, ಕೇಳಿ ಹುಡುಗನ ಮೇಲೆ ಕೋಪಿಸದೆ ದೇವರ ಚಿತ್ತಕ್ಕೆ ತಲೆಬಾಗಿದನು. ತಾನು ಕಲಿಸಿದ ಹುಡುಗನಿಂದಲೇ ತಾನು ತಿದ್ದಲ್ಪಡುವದಕ್ಕೆ ಒಪ್ಪುವ ದೊಡ್ಡವರು ವಿರಳ. ಮಳೆಯ ರಾತ್ರಿಯಲ್ಲಿ ಆ ಪಂಗಡದ ನಾಯಕನ ಮಾತಿಗೆ ನಾನು ಕೋಪಿಸಿದ್ದರೆ ಇಂದಿಗೂ ಮಕ್ಕಳ ಗಂಟುಗಳನ್ನು ನಾನೇ ಕಟ್ಟುತ್ತಿದ್ದೆನು.

ಹೀಗಿರುವದರಿಂದ ಪ್ರಿಯರೇ, ಪ್ರತಿಯೊಂದು ಸಭೆಯೂ ಮುಂದಿನ ತಿಂಗಳೊಳಗಾಗಿ ಒಂದು ಕಾರ್ಯವನ್ನು ಮಾಡಲಿ. ಸಭೆಯ ಹಿರಿಯರು ಕೂಡಿ, ನಮ್ಮೂರ ಶಾಲೆಯಲ್ಲಿ ಸ್ಕೌಟ್ ಅಥವಾ ಗೈಡ್ ದಳವಿದೆಯೋ ವಿಚಾರಿಸಲಿ. ಇದ್ದರೆ ಮುಖ್ಯೋಪಾಧ್ಯಾಯರನ್ನು ಕಂಡು ಯಾವ ಸಹಾಯ ಬೇಕೆಂದು ಕೇಳಲಿ. ತಿಳಿಯದೆ ಮುನ್ನುಗ್ಗುವದು ಬೇಡ. ನಾಯಕರಾಗುವವರಿಗೆ ಬೇಸಿಕ್, ಅಡ್ವಾನ್ಸ್ಡ್ ಎಂಬ ತರಬೇತಿಗಳೂ ವಾರಂಟ್ ಎಂಬ ಅಧಿಕಾರಪತ್ರವೂ ಉಂಟು. ದೊಡ್ಡಬಳ್ಳಾಪುರದಲ್ಲಿಯೂ ದಾವಣಗೆರೆಯ ಕಡೆಯ ಕೊಂಡಜ್ಜಿಯಲ್ಲಿಯೂ ತರಬೇತಿಯ ಕೇಂದ್ರಗಳಿವೆ. ಬಹಳ ದಿವಸ ಕಲಿತು ತೇರಿದವರಿಗೆ ವುಡ್ ಬ್ಯಾಡ್ಜ್ ಎಂಬ ಗುರುತು ದೊರೆಯುವದು. 1919ರಲ್ಲಿ ಬೇಡನ್ ಪೊವೆಲರು ಇದನ್ನು ಆರಂಭಿಸಿದಾಗ ಕೊಟ್ಟದ್ದು ಚಿನ್ನದ ಪದಕವಲ್ಲ. ದಾರದಲ್ಲಿ ಕಟ್ಟಿದ ಎರಡು ಮರದ ಮಣಿಗಳು. ಇಂದಿಗೂ ಅಷ್ಟೇ. ಈ ಸೇವೆಯ ಸಂಬಳವನ್ನು ಅದರಿಂದ ಅಳೆಯಿರಿ.

ಸಮಯವಿಲ್ಲವೆನ್ನುವ ಸಹೋದರನೇ, ಕೂಲಿಯಾಳು ತೋಳವನ್ನು ಕಂಡಾಗ ಓಡಿಹೋಗುವನೆಂದು ನಮ್ಮ ಕರ್ತನು ಯೋಹಾನನ ಹತ್ತನೆಯ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಕುರಿಗಳು ತನ್ನವಲ್ಲವೆಂಬದೇ ಅದಕ್ಕೆ ಕಾರಣ. ಶಾಲೆಯ ಬಯಲಿನಲ್ಲಿ ಸಾಲಾಗಿ ನಿಂತ ಆ ಮಕ್ಕಳು ಯಾರವರು? ಗೌಡರ ಮಗನು, ಕುರುಬರ ಮಗನು, ಸಾಬರ ಮಗನು, ನಮ್ಮ ಮಗನು ಎಂದು ನಾವು ಹಂಚುತ್ತೇವೆ. ಹನ್ನಳ ಮಗನೂ ಏಲಿಗೆ ಪರರ ಮಗನೇ ಆಗಿದ್ದನು. ಸ್ವಂತ ಮಕ್ಕಳ ವಿಷಯದಲ್ಲಿ ಸೋತ ಆ ಮುದುಕನಿಗೆ ಪರರ ಮಗನೊಬ್ಬನನ್ನು ದೇವರ ಸ್ವರದ ಕಡೆಗೆ ತಿರುಗಿಸುವ ಕೃಪೆಯು ದೊರೆಯಿತು. ಸೋತವರಾದ ನಮಗೂ ಅದು ದೊರೆಯಬಹುದು. ದೀಪವು ಇನ್ನೂ ಆರಿಲ್ಲ.

ಪ್ರಾರ್ಥಿಸೋಣ. ಮಕ್ಕಳನ್ನು ಹೆಸರು ಹಿಡಿದು ಕರೆಯುವ ದೇವರೇ, ನಮ್ಮ ಊರುಗಳ ಬಾಲಕ ಬಾಲಕಿಯರನ್ನು ನೀರಿನಿಂದಲೂ ಬೆಂಕಿಯಿಂದಲೂ ದುಷ್ಟರ ಕೈಯಿಂದಲೂ ತಪ್ಪಿಸಿ ಕಾಪಾಡು. ಅವರ ಬಳಿಯಲ್ಲಿ ನಿಲ್ಲುವ ದೊಡ್ಡವರಿಗೆ ಎಣಿಸುವ ಕಣ್ಣನ್ನೂ, ಕಸಿದುಕೊಳ್ಳದ ಕೈಯನ್ನೂ, ಕೆಟ್ಟದ್ದನ್ನು ಕಂಡಾಗ ಸುಮ್ಮನಿರದ ನಾಲಿಗೆಯನ್ನೂ ಕೊಡು. ನಮ್ಮ ನಿದ್ರೆಯಿಂದ ನಮ್ಮನ್ನು ಮೂರು ಸಾರಿಯಾದರೂ ಎಬ್ಬಿಸು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.